ಅಗ್ಗಕ್ಕೆ ಸಿಕ್ಕಿದ ಕಾರು

ಕಳೆದ ಎರಡು ತಿಂಗಳಲ್ಲಿ ಮೂವರು ನನ್ನಲ್ಲಿ ಒಂದೇ ಪ್ರಶ್ನೆ ಕೇಳಿದ್ದಾರೆ. "ಉಸ್ತಾದರೇ, ಒಂದು ಹಳೆ ಕಾರು ನೋಡಿಟ್ಟಿದ್ದೇನೆ. ಒಳ್ಳೆಯ ಕಂಡೀಷನ್. ಒಂದೂವರೆ ಲಕ್ಷದೊಳಗೆ ಬರುತ್ತದೆ. ತೆಗೆದುಕೊಳ್ಳಲೇ?" ಕೇಳಿದವರಲ್ಲಿ ಒಬ್ಬರು ನನ್ನಂತೆಯೇ ಶಿಕ್ಷಕರು, ಒಬ್ಬರು ಸಣ್ಣ ಬಟ್ಟೆ ಅಂಗಡಿಯವರು, ಮತ್ತೊಬ್ಬ ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನೇ ಏಕೆ ಕೇಳುತ್ತಾರೆಂದರೆ, ಹಳೆ ಕಾರೊಂದನ್ನು ಇಪ್ಪತ್ತು ತಿಂಗಳು ಸಾಕಿ ನಾನು ಪಟ್ಟ ಪಾಡು ಊರಿಗೆಲ್ಲ ಗೊತ್ತಿದೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನು ಈ ಬಾರಿ ನಿಮಗೆ ಬರೆದು ಹೇಳುತ್ತಿದ್ದೇನೆ. ನಿಮ್ಮಲ್ಲಿಯೂ ಯಾರಾದರೂ ಬ್ರೋಕರ್‌ಗೆ ಮುಂಗಡ ಕೊಡಲು ಹೊರಟಿರಬಹುದು.

2022ರ ಮೇ ತಿಂಗಳಲ್ಲಿ ನಾನು ಕಾರು ಕೊಂಡೆ. ಅದು 2011ರ ಮಾಡೆಲ್, ಪೆಟ್ರೋಲಿನದು. ನನಗಿಂತ ಮೊದಲು ಇಬ್ಬರ ಕೈ ದಾಟಿತ್ತು. ಮೀಟರ್‌ನಲ್ಲಿ 68 ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಬೆಲೆ 1,35,000 ರೂಪಾಯಿ. ಬಡ್ಡಿಯ ಸಾಲ ಮಾಡಿ ಹೊಸ ಕಾರು ತರುವುದು ಬೇಡ, ಕೈಯಲ್ಲಿರುವ ಹಣದಲ್ಲಿ ಹಳೆಯದೇ ಸಾಕು ಎಂಬುದು ನನ್ನ ಲೆಕ್ಕವಾಗಿತ್ತು. ಶೋಕಿಗಾಗಿ ಕೊಂಡದ್ದಲ್ಲ. ನನ್ನ ಉಮ್ಮನಿಗೆ ಮೊಣಕಾಲು ನೋವು, ಜೊತೆಗೆ ಉಸಿರಾಟದ ತೊಂದರೆ. ತಿಂಗಳಿಗೆರಡು ಬಾರಿ ಹದಿನೆಂಟು ಕಿಲೋಮೀಟರ್ ದೂರದ ಪುತ್ತೂರಿಗೆ ಕರೆದೊಯ್ಯಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಅವರಿಗೆ ಆಗುತ್ತಿರಲಿಲ್ಲ. ಕಾರು ಅಂಗಳಕ್ಕೆ ಬಂದ ದಿನ ಉಮ್ಮ ಅದರ ಸೀಟನ್ನು ಕೈಯಿಂದ ಸವರಿ ನೋಡಿದ್ದು ನನಗೆ ಇಂದಿಗೂ ನೆನಪಿದೆ.

ಮೊದಲ ತಿಂಗಳು ಸುಖವಾಗಿ ಕಳೆಯಿತು. ಮಳೆಗಾಲ ಶುರುವಾಗುತ್ತಿದ್ದಂತೆ ಟೈರುಗಳು ಜಾರತೊಡಗಿದವು. ಮೇಲ್ನೋಟಕ್ಕೆ ಗುಂಡಿಗಳು ಚೆನ್ನಾಗಿದ್ದರೂ ರಬ್ಬರು ಗಟ್ಟಿಯಾಗಿ ಸೀಳು ಬಿಟ್ಟಿತ್ತು. ನಾಲ್ಕನ್ನೂ ಬದಲಾಯಿಸಿದೆ. ಆಮೇಲೆ ಬ್ಯಾಟರಿ ಹೋಯಿತು. ನಂತರ ಕ್ಲಚ್. ನಂತರ ಹೊಂಡಕ್ಕಿಳಿದಾಗಲೆಲ್ಲ ಮುಂದಿನ ಚಕ್ರದ ಬಳಿ ಕಟಕಟ ಶಬ್ದ, ಸಸ್ಪೆನ್ಷನ್ ಬುಷ್ ಹೋಗಿದೆ ಎಂದರು. ಈ ನಡುವೆ ಇಲಿಯೊಂದು ಬಾನೆಟ್ ಒಳಗೆ ಸೇರಿ ವೈರು ಕಡಿಯಿತು. ಒಂದನ್ನು ಸರಿಪಡಿಸಿ ಮನೆಗೆ ಬಂದು ಚಹಾ ಕುಡಿಯುವಷ್ಟರಲ್ಲಿ ಇನ್ನೊಂದು ಕಾದಿರುತ್ತಿತ್ತು.

ನಾವು ಗ್ಯಾರೇಜಿನವನನ್ನೋ ಮಾರಿದವನನ್ನೋ ಬೈಯುತ್ತೇವೆ. ಆದರೆ ಹತ್ತು ವರ್ಷ ದಾಟಿದ ಕಾರಿನಲ್ಲಿ ಇದು ಸಹಜ. ಕಾರಿನ ಒಂದೊಂದು ಭಾಗಕ್ಕೂ ಒಂದೊಂದು ಆಯುಸ್ಸಿದೆ. ಎಂಜಿನ್ನಿನ ಕಬ್ಬಿಣ ದೀರ್ಘಕಾಲ ಬಾಳುತ್ತದೆ. ಹೋಸ್ ಪೈಪು, ಬುಷ್, ಬೆಲ್ಟ್, ಆಯಿಲ್ ಸೀಲ್ ಮುಂತಾದ ರಬ್ಬರಿನ ಭಾಗಗಳು ಹಾಗಲ್ಲ. ಕಾರು ಓಡದೆ ಶೆಡ್ಡಿನಲ್ಲಿ ನಿಂತಿದ್ದರೂ ಅವು ವರ್ಷ ಕಳೆದಂತೆ ಒಣಗಿ ಸೀಳುತ್ತವೆ. "ಕಡಿಮೆ ಓಡಿದ ಗಾಡಿ" ಎಂಬ ಮಾತಿಗೆ ನಾವು ಮರುಳಾಗುವುದು ಇಲ್ಲಿಯೇ. ಹತ್ತು ವರ್ಷ ಒಟ್ಟಿಗೆ ಬಾಳಿದ ಭಾಗಗಳು ಒಟ್ಟೊಟ್ಟಿಗೇ ಸೋಲುತ್ತವೆ. ಸಾಮಾನ್ಯವಾಗಿ ಮೊದಲ ಮಾಲಕ ಕಾರನ್ನು ಮಾರುವುದೂ ಈ ಖರ್ಚುಗಳು ಎದುರಾಗುವ ಹೊತ್ತಿಗೇ. ಜೊತೆಗೆ ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಕಾರಿನ ಅಡಿಭಾಗವನ್ನು ತುಕ್ಕು ಹಿಡಿಸುತ್ತವೆ.

ಚಾರ್ಮಾಡಿಯಲ್ಲಿ ನಿಂತದ್ದು

2023ರ ಏಪ್ರಿಲ್ ರಜೆಯಲ್ಲಿ ಮನೆಮಂದಿಯೆಲ್ಲ ಚಿಕ್ಕಮಗಳೂರಿಗೆ ಹೊರಟೆವು. ಚಾರ್ಮಾಡಿ ಘಾಟಿಯ ಅರ್ಧ ಏರುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ತಾಗಿತು. ಇನ್ನು ನಾಲ್ಕು ತಿರುವು ದಾಟಿದರೆ ಕೊಟ್ಟಿಗೆಹಾರ, ಅಲ್ಲಿ ನಿಲ್ಲಿಸಿದರಾಯಿತು ಎಂದು ನಾನು ಓಡಿಸುತ್ತಲೇ ಇದ್ದೆ. ಅದೇ ತಪ್ಪಾದದ್ದು. ಬಾನೆಟ್‌ನಿಂದ ಹಬೆ ಎದ್ದು ಕಾರು ನಿಂತಿತು. ಮಕ್ಕಳನ್ನು ರಸ್ತೆಯಂಚಿನ ತಡೆಗೋಡೆಯ ಬಳಿ ಕೂರಿಸಿ ಮೂರು ಗಂಟೆ ಕಾದೆವು. ಕೊನೆಗೆ ಪಿಕಪ್ ಒಂದು ಕಾರನ್ನು ಎಳೆದು ಕೆಳಗೆ ತಂದಿತು.

ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದಾಗ ಕಾರಣ ಗೊತ್ತಾಯಿತು. ಹಿಂದಿನವರು ರೇಡಿಯೇಟರ್‌ಗೆ ಕೂಲೆಂಟ್ ಹಾಕುವ ಬದಲು ಬಾವಿ ನೀರು ತುಂಬಿಸುತ್ತಾ ಬಂದಿದ್ದರು. ಕೂಲೆಂಟ್‌ನಲ್ಲಿ ತುಕ್ಕು ಹಿಡಿಯದಂತೆ ತಡೆಯುವ ಅಂಶವಿರುತ್ತದೆ. ಬರೀ ನೀರು ಒಳಗೆ ತುಕ್ಕು ಹಿಡಿಸಿ ಕೆಸರು ಕಟ್ಟಿಸುತ್ತದೆ. ಕೊಳವೆಗಳು ಕಟ್ಟಿಕೊಂಡರೆ ಬಿಸಿ ಹೊರಹೋಗುವುದಿಲ್ಲ. ಅತಿಯಾಗಿ ಬಿಸಿಯಾದಾಗ ಎಂಜಿನ್ನಿನ ಮೇಲಿನ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ ಸುಡುತ್ತದೆ. ನಮ್ಮ ಕಾರಿನಲ್ಲಿ ಆದದ್ದೂ ಇದೇ. ಹೊಸ ರೇಡಿಯೇಟರ್, ಗ್ಯಾಸ್ಕೆಟ್, ಹೆಡ್ ಫೇಸಿಂಗ್, ಲೇಬರ್, ಎಳೆದು ತಂದ ಬಾಡಿಗೆ ಎಲ್ಲ ಸೇರಿ 21,700 ರೂಪಾಯಿ.

ನಿಮ್ಮ ಕಾರಿನ ಮುಳ್ಳು ಎಂದಾದರೂ ಕೆಂಪಿನತ್ತ ಏರಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತೆರೆಯಿರಿ. ಅದು ಎಂಜಿನ್ನಿನ ಬಿಸಿಯನ್ನು ಸ್ವಲ್ಪ ಹೊರಗೆಳೆಯುತ್ತದೆ. ಸುರಕ್ಷಿತ ಜಾಗ ಸಿಕ್ಕಿದೊಡನೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಿರಿ. ನಾನು ಆ ನಾಲ್ಕು ತಿರುವುಗಳ ಮೊದಲೇ ನಿಲ್ಲಿಸಿದ್ದರೆ ಬಹುಶಃ ರೇಡಿಯೇಟರ್ ಕೆಲಸದಲ್ಲೇ ಮುಗಿಯುತ್ತಿತ್ತು.

ಆ 21,700 ರೂಪಾಯಿ ನನ್ನಲ್ಲಿರಲಿಲ್ಲ. ನನ್ನ ಮಡದಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹಿರಿಯ ಮಗಳು ಆ ವರ್ಷ ಪಿಯುಸಿ ಮುಗಿಸಿದ್ದಳು. ಮಂಗಳೂರಿನಲ್ಲಿ ಲ್ಯಾಬ್ ಟೆಕ್ನಾಲಜಿ ಕಲಿಯಬೇಕೆಂಬುದು ಅವಳ ಆಸೆ. ಅದರ ಪ್ರವೇಶಕ್ಕೆಂದು ಮಡದಿ ಹೊಲಿಗೆಯ ಹಣದಿಂದ 24,000 ರೂಪಾಯಿ ಕೂಡಿಸಿಟ್ಟಿದ್ದಳು. "ಜೂನ್ ಹೊತ್ತಿಗೆ ಹೊಂದಿಸಿ ಕೊಡುತ್ತೇನೆ" ಎಂದು ಹೇಳಿ ನಾನು ಅದನ್ನು ತೆಗೆದುಕೊಂಡೆ. ಜೂನ್ ಬಂತು. ಹೊಂದಿಸಲು ಆಗಲಿಲ್ಲ. "ಪರವಾಗಿಲ್ಲ ಉಪ್ಪಾ, ಇಲ್ಲೇ ಸರಕಾರಿ ಕಾಲೇಜಿಗೆ ಸೇರುತ್ತೇನೆ" ಎಂದಳು ಮಗಳು. ಅವಳು ಬೇಸರ ತೋರಿಸಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಜುಲೈನ ಒಂದು ರಾತ್ರಿ, ಜಡಿಮಳೆ. ಎರಡು ಗಂಟೆಗೆ ಉಮ್ಮನಿಗೆ ಉಸಿರು ಕಟ್ಟಿತು. ನಾನು ಓಡಿ ಹೋಗಿ ಕೀಲಿ ತಿರುಗಿಸಿದೆ. 'ಟಕ್' ಎಂಬ ಒಂದೇ ಶಬ್ದ, ಅಷ್ಟೆ. ಬ್ಯಾಟರಿ ಹೊಸದೇ, ಈಗ ಕೈಕೊಟ್ಟದ್ದು ಸೆಲ್ಫ್ ಮೋಟಾರು. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ನಮ್ಮ ಅಂಗಳ ರಸ್ತೆಗಿಂತ ತಗ್ಗಿನಲ್ಲಿದೆ. ಪಕ್ಕದ ಮನೆಯ ರಿಕ್ಷಾದವನಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಬಂದು ಕರೆದೊಯ್ದ. ಉಮ್ಮ ಚೇತರಿಸಿಕೊಂಡರು, ಅಲ್‌ಹಮ್ದುಲಿಲ್ಲಾಹ್. ಯಾರಿಗಾಗಿ ಕಾರು ಕೊಂಡಿದ್ದೆನೋ ಅವರಿಗೆ ಬೇಕಾದ ರಾತ್ರಿಯೇ ಅದು ಅಂಗಳದಲ್ಲಿ ಮಳೆಗೆ ನೆನೆಯುತ್ತಾ ನಿಂತಿತ್ತು.

ಮಗಳ ನೋಟು ಪುಸ್ತಕ

ಕಾರು ಬಂದ ದಿನದಿಂದ ಅದರ ಖರ್ಚನ್ನೆಲ್ಲ ಮಗಳು ಒಂದು ಹಳೆಯ ನೋಟು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮರುದಿನ ಮೊದಲ ಬಾರಿಗೆ ನಾನದನ್ನು ಕೂಡಿ ನೋಡಿದೆ. ಮೊದಲ ಒಂದು ವರ್ಷದ ಲೆಕ್ಕ ಹೀಗಿತ್ತು:

ಹೆಸರು ಬದಲಾವಣೆ, ಬ್ರೋಕರ್ ಖರ್ಚು – 6,500
ವಿಮೆ – 4,800
ನಾಲ್ಕು ಟೈರು – 13,600
ಬ್ಯಾಟರಿ – 4,200
ಕ್ಲಚ್ – 9,300
ಸಸ್ಪೆನ್ಷನ್ – 5,400
ರೇಡಿಯೇಟರ್ ಮತ್ತು ಹೆಡ್ – 21,700
ಎರಡು ಸಲ ಆಯಿಲ್ ಸರ್ವಿಸ್ – 5,600
ವೈರಿಂಗ್ – 1,900

ಒಟ್ಟು 73,000 ರೂಪಾಯಿ. ಇದಕ್ಕೆ ಪೆಟ್ರೋಲ್ ಸೇರಿಸಬೇಕು. ವರ್ಷದಲ್ಲಿ ಓಡಿದ್ದು 5,200 ಕಿಲೋಮೀಟರ್. ಲೀಟರಿಗೆ ಹದಿಮೂರರಂತೆ ಮೈಲೇಜು. ಆಗ ಪೆಟ್ರೋಲ್ ಲೀಟರಿಗೆ 101 ರೂಪಾಯಿಯ ಆಸುಪಾಸಿನಲ್ಲಿತ್ತು. ಅಂದರೆ 40,400. ಎಲ್ಲ ಸೇರಿ 1,13,400 ರೂಪಾಯಿ. ತಿಂಗಳಿಗೆ 9,450. ನನ್ನ ಸಂಬಳ ಆಗ 31,000. ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲನ್ನು ಕಾರು ತಿನ್ನುತ್ತಿತ್ತು. ಕಿಲೋಮೀಟರಿಗೆ ಸುಮಾರು 22 ರೂಪಾಯಿ ಬಿತ್ತು, ಅದೂ ಕಾರಿನ ಬೆಲೆ ಇಳಿದದ್ದನ್ನು ಲೆಕ್ಕಕ್ಕೆ ಹಿಡಿಯದೆ.

ಇನ್ನೊಂದು ವಿಷಯವೂ ಆ ಪುಸ್ತಕದಲ್ಲಿ ಕಂಡಿತು. ಉಮ್ಮನ ಆಸ್ಪತ್ರೆಗೆಂದು ಕಾರು ಓಡಿದ್ದು ವರ್ಷಕ್ಕೆ ಒಂಬೈನೂರು ಕಿಲೋಮೀಟರಿಗಿಂತ ಕಡಿಮೆ. ಮೂರು ಸಾವಿರಕ್ಕೂ ಹೆಚ್ಚು ಓಡಿದ್ದು ನಾನು ಶಾಲೆಗೆ ಹೋಗಿಬರಲು. ಏಳು ಕಿಲೋಮೀಟರಿಗೆ ಮೊದಲು ಬೈಕಿನಲ್ಲಿ ಹೋಗುತ್ತಿದ್ದವನು ಕಾರು ಬಂದ ಮೇಲೆ ಬೈಕನ್ನು ಗೋಡೆಗೆ ಒರಗಿಸಿದ್ದೆ. ಕಾರಿದೆಯಲ್ಲ ಎಂದು ಕೊತ್ತಂಬರಿ ಸೊಪ್ಪಿಗೂ ಕಾರಿನಲ್ಲೇ ಹೋದದ್ದುಂಟು.

ಕಾರಿಲ್ಲದಿದ್ದರೆ ಎಷ್ಟಾಗುತ್ತಿತ್ತು? ಆಸ್ಪತ್ರೆಗೆ 24 ಸಲ ರಿಕ್ಷಾ, ಹೋಗಿಬರಲು 750ರಂತೆ 18,000. ಮದುವೆ, ಪ್ರವಾಸಕ್ಕೆ ವರ್ಷಕ್ಕೆ ಆರು ಸಲ ಬಾಡಿಗೆ ಕಾರು, 2,500ರಂತೆ 15,000. ಶಾಲೆಗೆ ಬೈಕಿನ ಪೆಟ್ರೋಲ್ 6,200. ಒಟ್ಟು 39,200. ನಾವು ಖರ್ಚು ಮಾಡಿದ್ದು ಅದಕ್ಕಿಂತ 74,200 ಹೆಚ್ಚು. ಮಗಳ ಪ್ರವೇಶಕ್ಕೆ ಬೇಕಿದ್ದ ಹಣದ ಮೂರು ಪಟ್ಟು.

"ಇಷ್ಟು ಹಾಕಿದ ಮೇಲೆ..."

ಮೊದಲೇ ಮಾರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲಿಯೇ ನಾನು ಸಿಕ್ಕಿಬಿದ್ದದ್ದು. ಟೈರು ಹಾಕಿದಾಗ "ಹೊಸ ಟೈರು ಹಾಕಿದ್ದೇನೆ, ಈಗೇಕೆ ಮಾರುವುದು" ಎಂದುಕೊಂಡೆ. ಕ್ಲಚ್ ಹಾಕಿದಾಗ "ಇನ್ನು ಕೆಲವು ವರ್ಷ ಚಿಂತೆಯಿಲ್ಲ" ಎಂದುಕೊಂಡೆ. ಹೆಡ್ ಕೆಲಸವಾದಾಗ "ಎಂಜಿನ್ ಹೊಸದರಂತೆ ಆಯಿತು, ಈಗ ಮಾರಿದರೆ ನಷ್ಟ" ಎಂದುಕೊಂಡೆ. ಪ್ರತಿಯೊಂದು ರಿಪೇರಿಯೂ ಕಾರನ್ನು ಇಟ್ಟುಕೊಳ್ಳಲು ಹೊಸ ಕಾರಣವಾಗುತ್ತಿತ್ತು.

ಸೆಲ್ಫ್ ಮೋಟಾರ್ ಬಿಚ್ಚುತ್ತಿದ್ದ ಮೆಕ್ಯಾನಿಕ್ ಬಳಿ ನಾನು ಇದನ್ನೇ ಹೇಳಿದೆ. "ಇಷ್ಟು ಹಾಕಿದ ಮೇಲೆ ಹೇಗೆ ಮಾರುವುದು ಹೇಳು?" ಅವನು ಸ್ಪ್ಯಾನರ್ ಕೆಳಗಿಟ್ಟು ಹೇಳಿದ: "ಮಾಷ್ಟ್ರೇ, ಹಾಕಿದ ದುಡ್ಡು ಹೋಗಿ ಆಯಿತು. ಅದು ಮಾರಿದರೂ ಬರುವುದಿಲ್ಲ, ಇಟ್ಟುಕೊಂಡರೂ ಬರುವುದಿಲ್ಲ. ಇನ್ನು ಹಾಕಲಿಕ್ಕಿರುವುದು ಮಾತ್ರ ನಿಮ್ಮ ಕೈಯಲ್ಲಿದೆ. ಅದನ್ನು ನೋಡಿ." ನಮ್ಮ ರಿಪೇರಿಯಿಂದ ಹೊಟ್ಟೆ ಹೊರೆಯುವವನೇ ಈ ಮಾತು ಹೇಳಿದ ಮೇಲೆ ನಾನು ಯೋಚಿಸತೊಡಗಿದೆ. ಮುಂದೆ ಏನೇನಿದೆ ಎಂದು ಅವನನ್ನೇ ಕೇಳಿದೆ. ಸೈಲೆನ್ಸರ್ ತುಕ್ಕು ಹಿಡಿದಿತ್ತು, ಸ್ಟೇರಿಂಗ್ ಕೆಲಸ ಬಾಕಿಯಿತ್ತು, ಎ.ಸಿ. ಕೊನೆಯುಸಿರಿನಲ್ಲಿತ್ತು. 2026ಕ್ಕೆ ಕಾರಿಗೆ ಹದಿನೈದು ವರ್ಷ ತುಂಬಿ ಆರ್.ಸಿ. ನವೀಕರಣವೂ ಬರಲಿಕ್ಕಿತ್ತು. ಅದರ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ ಅದನ್ನು 5,000 ರೂಪಾಯಿಗೆ ಏರಿಸಲಾಗಿತ್ತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಲಾಯಿತು.

2023ರ ಡಿಸೆಂಬರ್‌ನಲ್ಲಿ ಮಾರಲು ನಿರ್ಧರಿಸಿದೆ. ಬ್ರೋಕರ್ ಹೇಳಿದ್ದು, "ಹೆಡ್ ವಿಷಯ ಎತ್ತಬೇಡಿ, ಒಂದು ಲಕ್ಷ ನಾನು ಕೊಡಿಸುತ್ತೇನೆ." ನೋಡಲು ಬಂದವನು ಹೊಸದಾಗಿ ಮದುವೆಯಾದ ಯುವಕ. ಕಾರಿನ ಸುತ್ತ ಮೂರು ಸಲ ಸುತ್ತಿದ. ಅವನ ಮುಖದಲ್ಲಿ ನನಗೆ ನನ್ನದೇ ಮುಖ ಕಂಡಿತು. ಮಾಲಿನ ದೋಷ ಮುಚ್ಚಿಟ್ಟು ಮಾರುವುದು ವಂಚನೆ ಎಂದು ಮದ್ರಸದ ಮಕ್ಕಳಿಗೆ ಕಲಿಸುವವನು ನಾನು. ಒಳಗಿನ ಧಾನ್ಯ ಒದ್ದೆಯಿದ್ದರೆ ಅದನ್ನು ಜನರಿಗೆ ಕಾಣುವಂತೆ ಮೇಲಿಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಎಷ್ಟು ಸಲ ವಿವರಿಸಿದ್ದೇನೋ. ನೋಟು ಪುಸ್ತಕವನ್ನೇ ಅವನ ಕೈಗೆ ಕೊಟ್ಟೆ. ಬಾಕಿಯಿರುವ ಕೆಲಸಗಳನ್ನೂ ಹೇಳಿದೆ. ಅವನು ಎರಡು ದಿನ ಬಿಟ್ಟು ಬಂದು 85,000ಕ್ಕೆ ಕೊಂಡುಹೋದ. ಅವನ ಅಣ್ಣನದ್ದೇ ಗ್ಯಾರೇಜು ಇದೆಯಂತೆ. ಲೇಬರ್ ಖರ್ಚಿಲ್ಲದವನಿಗೆ ಅದೇ ಕಾರು ಲಾಭದ್ದಾಗಬಹುದು.

ಅದರಿಂದ, ಹಳೆ ಕಾರು ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ. ಕೊಳ್ಳುವವರು ಕೆಲವು ವಿಷಯ ಗಮನಿಸಿ.

ಬೆಳಿಗ್ಗೆ ಹೋಗಿ ನೋಡಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ತಿಳಿಸಿರಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವ ರೀತಿಯೇ ಅರ್ಧ ಕತೆ ಹೇಳುತ್ತದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೇರುತ್ತಿರಬಹುದು. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ಅಂಟು ಕಂಡರೆ ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3517 ಎಂದಿದ್ದರೆ 2017ರ 35ನೇ ವಾರದಲ್ಲಿ ತಯಾರಾದದ್ದು. ಮೀಟರ್‌ನಲ್ಲಿ ನಲುವತ್ತು ಸಾವಿರ ಇದ್ದು ಪೆಡಲಿನ ರಬ್ಬರು ಪೂರ್ತಿ ಸವೆದಿದ್ದರೆ ಮೀಟರನ್ನು ನಂಬಬೇಡಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಮುಗ್ಗಲು ವಾಸನೆ, ಸೀಟಿನ ಹಳಿಯಲ್ಲಿ ಕೆಸರು ಕಂಡರೆ ನೆರೆನೀರಿನಲ್ಲಿ ಮುಳುಗಿದ ಗಾಡಿಯಿರಬಹುದು. ನಿಮ್ಮದೇ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ಯಿರಿ. ಅವನಿಗೆ ಕೊಡುವ ಐನೂರು ರೂಪಾಯಿ ದಂಡವಲ್ಲ.

ದಿಲ್ಲಿಯ ಕಾರು ಬಹಳ ಅಗ್ಗ ಎಂದು ಹೇಳುವವರಿದ್ದಾರೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಬಂದ ನಿರ್ಬಂಧದಿಂದ ಅನೇಕ ಗಾಡಿಗಳು ಹೊರ ರಾಜ್ಯಗಳಿಗೆ ಬಂದಿವೆ. ದಿಲ್ಲಿಯದಿರಲಿ, ಪಕ್ಕದ ಕಾಸರಗೋಡಿನದಿರಲಿ, ಹೊರ ರಾಜ್ಯದ ಕಾರನ್ನು ಇಲ್ಲಿ ನೋಂದಾಯಿಸಲು ಅಲ್ಲಿಯ ಎನ್.ಒ.ಸಿ. ಬೇಕು, ಇಲ್ಲಿಯ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಬೆಲೆಗೆ ಸೇರಿಸಿಯೇ ಅಗ್ಗವೋ ತುಟ್ಟಿಯೋ ನೋಡಿ.

ಮಾರುವವರಿಗೂ ಒಂದು ಮಾತು. ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟರೆ ಮುಗಿಯಿತು ಎಂದು ತಿಳಿಯಬೇಡಿ. ಹೆಸರು ಬದಲಾಗುವವರೆಗೂ ಜವಾಬ್ದಾರಿ ನಿಮ್ಮದೇ. ಕೈಯಿಂದ ಕೈಗೆ ಮಾರಾಟವಾಗಿಯೂ ಆರ್.ಸಿ. ಹಳಬರ ಹೆಸರಿನಲ್ಲೇ ಉಳಿದಿದ್ದ ಕಾರೊಂದರ ಅಪಘಾತ ಪ್ರಕರಣದಲ್ಲಿ, ಆರ್.ಸಿ.ಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ಕೊಂಡವರು ವಿಮೆಯನ್ನೂ 14 ದಿನಗಳೊಳಗೆ ತಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು.

ಕಾರು ಮಾರಿದ ಹಣ ಏನಾಯಿತು ಎಂದು ಕೇಳುತ್ತೀರಾ? 2024ರಲ್ಲಿ ಮಗಳು ಅವಳು ಬಯಸಿದ ಕೋರ್ಸಿಗೇ ಸೇರಿದಳು. ಅವಳ ಒಂದು ವರ್ಷ ಹೋಯಿತು. ಅದಕ್ಕೆ ನೋಟು ಪುಸ್ತಕದಲ್ಲಿ ಬೆಲೆ ಬರೆದಿಲ್ಲ. ನಮ್ಮ ಗೋಡೆಯ ಮೇಲೆ ಈಗ ಇಬ್ಬರು ರಿಕ್ಷಾದವರ ನಂಬರು, ಕೆಳಗೆ 108 ಎಂದು ದೊಡ್ಡದಾಗಿ ಬರೆದಿದೆ. ಉಮ್ಮನಿಗೂ ಓದಲು ಆಗುವಷ್ಟು ದೊಡ್ಡದಾಗಿ.

ಆ ಮೂವರಿಗೆ ನಾನು ಹೇಳಿದ್ದು ಇಷ್ಟೆ. ಕಾರಿನ ಬೆಲೆ ಕೈಯಲ್ಲಿದೆಯೇ ಎಂದು ಮಾತ್ರ ನೋಡಬೇಡಿ. ಮೊದಲ ವರ್ಷದ ರಿಪೇರಿಗೆ ಬೆಲೆಯ ಅರ್ಧದಷ್ಟಾದರೂ ಬೇರೆಯೇ ಇಟ್ಟುಕೊಳ್ಳಲು ಆಗುತ್ತದೆಯೇ ನೋಡಿ. ಆಗದಿದ್ದರೆ ಆ ಹಣ ಮನೆಯ ಯಾವ ಡಬ್ಬಿಯಿಂದ, ಯಾರ ಉಳಿತಾಯದಿಂದ ಬರುತ್ತದೆ ಎಂದು ಕೊಳ್ಳುವ ಮೊದಲೇ ಮನೆಯವರೊಂದಿಗೆ ಕುಳಿತು ಮಾತನಾಡಿ. ನಾನು ಆ ಮಾತನ್ನು ಕಾರು ಕೊಂಡ ಮೇಲೆ ಆಡಿದೆ.